ಪುಟ ತೆರೆಯಲು ತಡವೇಕೆ? ದೋಷ ವೇಗದಲ್ಲೋ, ದಾರಿಯಲ್ಲೋ?

ತಳಕಲ್ (ಕೊಪ್ಪಳ ಜಿಲ್ಲೆ): ಕುಕನೂರು ತಾಲ್ಲೂಕಿನ ಈ ಗ್ರಾಮದ ಹೆಸರು ಈಚಿನ ವರ್ಷಗಳಲ್ಲಿ ಎರಡು ಕಾರಣಗಳಿಂದ ಹೆಚ್ಚಾಗಿ ಕೇಳಿಬರುತ್ತಿದೆ. ಒಂದು, ಇಲ್ಲಿರುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಇನ್ನೊಂದು, ಬಹುಕಾಲದ ಬೇಡಿಕೆಯಾದ ಗದಗ-ವಾಡಿ ರೈಲು ಮಾರ್ಗ. ಹಳೆಯ ಹಳಿಯಿಂದ ಹೊಸ ಮಾರ್ಗ ಕವಲೊಡೆಯುವುದು ತಳಕಲ್‌ನಲ್ಲಿಯೇ. ಮೇ 2025ರಲ್ಲಿ ಕುಷ್ಟಗಿಯವರೆಗೆ ಪ್ರಯಾಣಿಕರ ರೈಲು ಓಡಲಾರಂಭಿಸಿತು.

ರೈಲಿಗಿಂತ ಸದ್ದಿಲ್ಲದೆ ಊರಿಗೆ ಬಂದದ್ದು ಅಂತರ್ಜಾಲ. ಒಂದು ಪಹಣಿಗಾಗಿ ಯಲಬುರ್ಗಾಕ್ಕೋ ಕೊಪ್ಪಳಕ್ಕೋ ಬಸ್ಸು ಹಿಡಿಯುತ್ತಿದ್ದ ಮನೆಗಳಲ್ಲಿ ಇಂದು ಪಹಣಿ, ಬೆಳೆ ವಿಮೆ, ಜಾತಿ-ಆದಾಯ ಪ್ರಮಾಣಪತ್ರ, ಪರೀಕ್ಷೆಯ ಪ್ರವೇಶಪತ್ರ, ಸಿಇಟಿ ಬಳಿಕ ಕಾಲೇಜು ಆಯ್ಕೆಯ ಪಟ್ಟಿ, ಎಲ್ಲವೂ ಪರದೆಯ ಮೇಲೆಯೇ ಆಗಬೇಕು. ಕೊನೆಯ ದಿನಾಂಕದ ಸಂಜೆ ಪುಟ ತೆರೆಯದೆ ಪರದೆಯ ನಡುವೆ ಚಕ್ರವೊಂದು ತಿರುಗುತ್ತಲೇ ಇದ್ದರೆ ಆ ಮನೆಯ ಮಗುವಿನ ಒಂದು ವರ್ಷ ಆತಂಕಕ್ಕೆ ಸಿಲುಕಿತೆಂದೇ ಅರ್ಥ.

ಇಂತಹ ಹೊತ್ತಿನಲ್ಲಿ ಬಹುತೇಕ ಮನೆಗಳು ತಲುಪುವ ತೀರ್ಮಾನ ಒಂದೇ: "ನೆಟ್ ಸ್ಲೋ ಐತಿ, ದೊಡ್ಡ ಪ್ಲ್ಯಾನ್ ಹಾಕಿಸಬೇಕು." ತಿಂಗಳಿಗೆ ಇನ್ನೂರೋ ಮುನ್ನೂರೋ ರೂಪಾಯಿ ಹೆಚ್ಚು ತೆತ್ತು 30 ಎಂಬಿಪಿಎಸ್‌ನಿಂದ 100 ಎಂಬಿಪಿಎಸ್‌ಗೆ ಏರಿದ ಮೇಲೂ ಚಕ್ರ ತಿರುಗುವುದು ನಿಲ್ಲದಿದ್ದಾಗ ಬೈಗುಳ ಆರಂಭವಾಗುತ್ತದೆ. ಹಣ ಹೋಯಿತು, ಕೆಲಸ ಆಗಲಿಲ್ಲ. ಪುಟ ನಿಧಾನವಾಗಿ ತೆರೆಯುವುದಕ್ಕೂ ಸಂಪರ್ಕದ ವೇಗಕ್ಕೂ ಇರುವ ನಂಟು ಜನ ಭಾವಿಸಿರುವಷ್ಟು ಗಟ್ಟಿಯಾದದ್ದಲ್ಲ ಎಂಬುದೇ ಇದಕ್ಕೆ ಕಾರಣ.

ಹಳೆಯ ಕಾಲದ ಹಳೆಯ ನಂಬಿಕೆ

ಈ ಭಾವನೆ ಸುಮ್ಮನೆ ಹುಟ್ಟಿದ್ದಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಆಗ ದೂರವಾಣಿ ತಂತಿಯ ಮೂಲಕ ಕಿರ್ರೆಂದು ಕೂಗುತ್ತಿದ್ದ ಮೋಡೆಮ್‌ನದೇ ರಾಜ್ಯ. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ವೇಗವನ್ನೇ 'ಬ್ರಾಡ್‌ಬ್ಯಾಂಡ್' ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್ಎನ್ಎಲ್ 'ಡೇಟಾಒನ್' ಸೇವೆಯನ್ನು ಆರಂಭಿಸಿದಾಗ ಆ 256 ಕೆಬಿಪಿಎಸ್ಸೇ ಸಂಭ್ರಮದ ಸಂಗತಿಯಾಗಿತ್ತು. ರಾತ್ರಿ 2ರಿಂದ ಬೆಳಿಗ್ಗೆ 8 ಗಂಟೆಯವರೆಗೆ ಮಿತಿಯಿಲ್ಲದ ಬಳಕೆ ನೀಡುವ ಯೋಜನೆಗಾಗಿ ನಿದ್ದೆಗೆಟ್ಟ ವಿದ್ಯಾರ್ಥಿಗಳ ತಲೆಮಾರೊಂದು ರಾಜ್ಯದಲ್ಲಿದೆ.

ಆ ದಿನಗಳಲ್ಲಿ ವೇಗವೇ ನಿಜವಾದ ಅಡ್ಡಿಯಾಗಿತ್ತು. ಲೆಕ್ಕ ಸರಳ. ಇಂದಿನ ಸಾಮಾನ್ಯ ಜಾಲಪುಟವೊಂದು, ಚಿತ್ರ, ಅಕ್ಷರವಿನ್ಯಾಸ, ಜಾಹೀರಾತು ಎಲ್ಲವೂ ಸೇರಿ, 2 ಎಂಬಿಗಿಂತ ಹೆಚ್ಚು ತೂಗುತ್ತದೆ. ಎರಡೂವರೆ ಎಂಬಿ ಎಂದು ಹಿಡಿದರೆ 20 ಮೆಗಾಬಿಟ್. ಏಕೆಂದರೆ 1 ಬೈಟ್ ಎಂದರೆ 8 ಬಿಟ್. ಕಡತದ ಗಾತ್ರವನ್ನು ಬೈಟ್‌ನಲ್ಲಿಯೂ ಸಂಪರ್ಕದ ವೇಗವನ್ನು ಬಿಟ್‌ನಲ್ಲಿಯೂ ಹೇಳುವ ರೂಢಿಯಿಂದಾಗಿ ಗ್ರಾಹಕರು ಮೋಸಹೋದಂತೆ ಭಾವಿಸುವುದುಂಟು. 256 ಕೆಬಿಪಿಎಸ್‌ನಲ್ಲಿ ಆ ಪುಟ ಇಳಿಯಲು ಸುಮಾರು 78 ಸೆಕೆಂಡ್ ಬೇಕು. 10 ಎಂಬಿಪಿಎಸ್‌ನಲ್ಲಿ 2 ಸೆಕೆಂಡ್ ಸಾಕು. 100 ಎಂಬಿಪಿಎಸ್‌ನಲ್ಲಿ ಸೆಕೆಂಡಿನ ಐದನೇ ಒಂದು ಭಾಗ.

ಆದರೆ ಈ ಲೆಕ್ಕ ಕಾಗದದ ಮೇಲಿನದು. 100 ಎಂಬಿಪಿಎಸ್ ಇರುವ ಮನೆಯಲ್ಲೂ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುವುದಿಲ್ಲ. ಗೂಗಲ್ ಸಂಸ್ಥೆಯ ಎಂಜಿನಿಯರ್ ಮೈಕ್ ಬೆಲ್ಶಿ 2010ರಲ್ಲಿ ನಡೆಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ವೇಗವನ್ನು 5ರಿಂದ 10 ಎಂಬಿಪಿಎಸ್‌ಗೆ ಇಮ್ಮಡಿಗೊಳಿಸಿದರೂ ಪುಟ ತೆರೆಯುವ ಸಮಯದಲ್ಲಿ ಆದ ಉಳಿತಾಯ ಶೇ 5ರ ಆಸುಪಾಸಿನಲ್ಲಿತ್ತು. ಅದೇ, ಮಾಹಿತಿ ಹೋಗಿ ಮರಳುವ ಅವಧಿಯನ್ನು ಕಡಿಮೆ ಮಾಡಿದಷ್ಟೂ ಪುಟ ಬೇಗ ಬೇಗ ತೆರೆದುಕೊಂಡಿತು.

ಹೋಗಿ ಮರಳುವ ಈ ಅವಧಿಗೆ ತಂತ್ರಜ್ಞರು 'ಲೇಟೆನ್ಸಿ' ಎನ್ನುತ್ತಾರೆ. ಅದನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಪುಟ ತೆರೆಯುವ ಮುನ್ನ ಬ್ರೌಸರ್ ಮೊದಲು ಜಾಲತಾಣದ ವಿಳಾಸ ಕೇಳಬೇಕು, ಬಳಿಕ ಸರ್ವರ್‌ನ ಕದ ತಟ್ಟಬೇಕು, ಭದ್ರತೆಯ ಕೀಲಿಗಳನ್ನು ವಿನಿಮಯ ಮಾಡಿಕೊಳ್ಳಬೇಕು, ಅನಂತರವಷ್ಟೇ ಪುಟವನ್ನು ಕೇಳಬೇಕು. ಮೊದಲ ಅಕ್ಷರ ಕಾಣುವಷ್ಟರಲ್ಲಿ ಮೂರು-ನಾಲ್ಕು ಸುತ್ತು ಹೋಗಿಬಂದಿರುತ್ತದೆ. ಒಂದು ಸುತ್ತಿಗೆ 40 ಮಿಲಿಸೆಕೆಂಡ್ ಆದರೆ ನಾಲ್ಕು ಸುತ್ತಿಗೆ 160, ಗೊತ್ತೇ ಆಗುವುದಿಲ್ಲ. ಒಂದು ಸುತ್ತಿಗೆ 600 ಆದರೆ ನಾಲ್ಕು ಸುತ್ತಿಗೆ ಎರಡೂವರೆ ಸೆಕೆಂಡಿಗೆ ಹತ್ತಿರ, ಅದೂ ಪುಟದ ಒಂದು ಸಾಲು ಕೂಡ ಬರುವ ಮುನ್ನ. ಆ ಮೇಲೆ ಪುಟದೊಳಗಿನ ಚಿತ್ರ, ಜಾಹೀರಾತುಗಳು ಬೇರೆ ಬೇರೆ ಸರ್ವರ್‌ಗಳಿಂದ ಬರಬೇಕು. ಅವುಗಳಿಗೂ ಇದೇ ಸುತ್ತು. ತಳಕಲ್ ನಿಲ್ದಾಣದಲ್ಲಿ ಹಾದುಹೋಗುವ ಗೂಡ್ಸ್ ರೈಲು ಸಾವಿರಾರು ಟನ್ ಅದಿರು ಹೊರಬಲ್ಲದು; ಆದರೆ ಕುಷ್ಟಗಿಗೆ ಬರೆದ ಕಾಗದಕ್ಕೆ ಬೇಗ ಉತ್ತರ ಬರಬೇಕಾದರೆ ಬೋಗಿಗಳ ಸಂಖ್ಯೆ ಹೆಚ್ಚಿಸಿ ಫಲವಿಲ್ಲ. ದೊಡ್ಡ ಪ್ಲ್ಯಾನ್ ಕೊಡುವುದು ಹೆಚ್ಚು ಬೋಗಿಗಳನ್ನು.

ಮೊದಲ ಪ್ರಶ್ನೆ: ನಿಧಾನವಾಗಿರುವುದು ನಮ್ಮ ಸಂಪರ್ಕವೋ, ಅವರ ಸರ್ವರೋ?

ಹಾಗಾದರೆ ತಡ ಎಲ್ಲಿ ಆಗುತ್ತಿದೆ ಎಂಬುದನ್ನು ಪತ್ತೆ ಮಾಡುವುದೇ ಮುಖ್ಯ ಕೆಲಸ. ಇದಕ್ಕೆ ಪರಿಣತಿ ಬೇಡ, ಸ್ವಲ್ಪ ಸಾವಧಾನ ಸಾಕು.

2023ರ ಜೂನ್ 18ರಂದು ಗೃಹಜ್ಯೋತಿ, ಜುಲೈ 19ರಂದು ಗೃಹಲಕ್ಷ್ಮಿ ಯೋಜನೆಗಳ ನೋಂದಣಿ ಆರಂಭವಾದಾಗ ರಾಜ್ಯದ ಹಳ್ಳಿ ಹಳ್ಳಿಯಲ್ಲಿ 'ಸರ್ವರ್ ಬ್ಯುಸಿ' ಎಂಬ ಮಾತು ಮನೆಮಾತಾಯಿತು. ಲಕ್ಷಾಂತರ ಮಂದಿ ಏಕಕಾಲಕ್ಕೆ ಒಂದೇ ಪುಟದ ಬಾಗಿಲಿಗೆ ಬಂದರೆ ಆ ಬಾಗಿಲಲ್ಲಿ ನೂಕುನುಗ್ಗಲಾಗುತ್ತದೆ. ಆಗ ಮನೆಯ ಸಂಪರ್ಕ 30 ಎಂಬಿಪಿಎಸ್ ಆಗಿರಲಿ, 300 ಆಗಿರಲಿ, ಸರದಿಯಲ್ಲಿ ನಿಲ್ಲುವುದು ತಪ್ಪುವುದಿಲ್ಲ. ಇದರ ಪರೀಕ್ಷೆ ಅರ್ಧ ನಿಮಿಷದ್ದು. ತೊಂದರೆ ಕೊಡುತ್ತಿರುವ ಪುಟವನ್ನು ಹಾಗೆಯೇ ಬಿಟ್ಟು ಇನ್ನೆರಡು ಬೇರೆ ತಾಣಗಳನ್ನು, ಉದಾಹರಣೆಗೆ ಒಂದು ವಾರ್ತಾ ತಾಣವನ್ನೂ ಕನ್ನಡ ವಿಕಿಪೀಡಿಯವನ್ನೂ, ತೆರೆದು ನೋಡಬೇಕು. ಅವು ಸರಾಗವಾಗಿ ತೆರೆದರೆ ದೋಷ ಆ ಒಂದು ತಾಣದ್ದು. ಆಗ ಮೋಡೆಮ್ ಆರಿಸಿ ಹೊತ್ತಿಸುವುದರಿಂದ ಪ್ರಯೋಜನವಿಲ್ಲ.

ಸರ್ವರ್‌ನ ಮೇಲೆ ಒತ್ತಡವಿರುವಾಗ ಪದೇ ಪದೇ 'ರಿಫ್ರೆಶ್' ಒತ್ತುವುದು ಬೆಂಕಿಗೆ ತುಪ್ಪ ಸುರಿದಂತೆ. ಪ್ರತಿ ಒತ್ತಿಗೂ ಹೊಸ ಬೇಡಿಕೆಯೊಂದು ಸೇರುತ್ತದೆ. ತುಂಬಿದ ಅರ್ಜಿ ಅರ್ಧದಲ್ಲಿ ಅಳಿಸಿಹೋಗುವ ಅಪಾಯವೂ ಉಂಟು. ಹಣ ಪಾವತಿಯ ಹಂತದಲ್ಲಂತೂ ಹಾಗೆ ಮಾಡಲೇಬಾರದು. ನಸುಕಿನ ಹೊತ್ತು ಇಂತಹ ತಾಣಗಳ ಮೇಲೆ ಒತ್ತಡ ಕಡಿಮೆ ಇರುತ್ತದೆ. ಕಾಲೇಜು ಆಯ್ಕೆಯ ಪಟ್ಟಿಯನ್ನು ಕೊನೆಯ ದಿನದವರೆಗೆ ಕಾಯದೆ ಮೊದಲೇ ತುಂಬಿ, ತಿದ್ದುಪಡಿಯನ್ನಷ್ಟೇ ಮುಂದಕ್ಕೆ ಇಟ್ಟುಕೊಳ್ಳುವುದು ಜಾಣತನ.

ಎಲ್ಲ ತಾಣಗಳೂ ನಿಧಾನವಾಗಿದ್ದರೆ ಎರಡನೆಯ ಪ್ರಶ್ನೆ: ಮನೆಯ ಎಲ್ಲ ಫೋನ್‌ಗಳಲ್ಲೂ ಹೀಗೆಯೋ, ಒಂದರಲ್ಲಿ ಮಾತ್ರವೋ? ಒಂದರಲ್ಲಿ ಮಾತ್ರ ಎಂದಾದರೆ ಆ ಉಪಕರಣವೇ ಬಳಲಿದೆ ಎಂದರ್ಥ. ಸಂಗ್ರಹ ಸ್ಥಳ ತುಂಬಿ ತುಳುಕುವ, ಹಳೆಯ ಬ್ರೌಸರ್ ಇರುವ ಫೋನ್‌ಗೆ ಪುಟ ಇಳಿದು ಬಂದರೂ ಅದನ್ನು ಬಿಡಿಸಿ ತೋರಿಸಲು ಸಮಯ ಹಿಡಿಯುತ್ತದೆ. ಬ್ರೌಸರ್‌ನ ಹೊಸ ಆವೃತ್ತಿ ಹಾಕಿಕೊಂಡು, ಬೇಡದ ಹಾಳೆಗಳನ್ನು ಮುಚ್ಚಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಕಲ್ಲುಗೋಡೆಯ ಆಚೆ ಈಚೆ

ಅತಿ ಹೆಚ್ಚು ಮನೆಗಳಲ್ಲಿ ತಪ್ಪು ಸಿಕ್ಕುವುದು ಮುಂದಿನ ಹಂತದಲ್ಲಿ, ಅಂದರೆ ಮೋಡೆಮ್‌ನಿಂದ ಫೋನ್‌ವರೆಗಿನ ಹತ್ತಿಪ್ಪತ್ತು ಅಡಿ ಗಾಳಿಯಲ್ಲಿ. ಸಾವಿರಾರು ಕಿಲೋಮೀಟರ್ ಸಮುದ್ರದಡಿಯಲ್ಲಿ ಸುರಕ್ಷಿತವಾಗಿ ಬಂದ ಮಾಹಿತಿ ಮನೆಯ ಪಡಸಾಲೆಯಲ್ಲಿ ಎಡವಿ ಬೀಳುತ್ತದೆ.

ಈ ಭಾಗದ ಹಳೆಯ ಮನೆಗಳ ಗೋಡೆಗಳು ಕಲ್ಲು-ಮಣ್ಣಿನವು; ಎರಡು ಅಡಿ ದಪ್ಪದವೂ ಇವೆ. ಬೇಸಿಗೆಯಲ್ಲಿ ತಂಪು ಕೊಡುವ ಆ ಗೋಡೆಯೇ ವೈ-ಫೈ ತರಂಗಕ್ಕೆ ಅಡ್ಡಗಟ್ಟೆ. ಅದರ ಮೇಲೆ, ಮೋಡೆಮನ್ನು ಧೂಳು ತಾಗದಿರಲೆಂದು ಗೋಡೆಯ ಗೂಡಿನಲ್ಲಿಯೋ ಕಬ್ಬಿಣದ ಕಪಾಟಿನ ಹಿಂದೆಯೋ ಟಿವಿಯ ಬೆನ್ನಿಗೋ ಇಡುವ ಅಭ್ಯಾಸ ಬೇರೆ. ಲೋಹ ತರಂಗವನ್ನು ತಡೆಯುತ್ತದೆ, ನೀರು ಹೀರುತ್ತದೆ. ತಗಡಿನ ಮಾಡು, ನೀರಿನ ಪೀಪಾಯಿ, ಕಾಳಿನ ಡಬ್ಬಗಳ ಸಾಲು ಎಲ್ಲವೂ ಅಡ್ಡಿಗಳೇ. ಮೋಡೆಮ್ ಮನೆಯ ನಡುವೆ, ತಲೆಯ ಎತ್ತರದಲ್ಲಿ, ಬಯಲಾಗಿ ಇರಬೇಕು. ಕಾಸು ಖರ್ಚಿಲ್ಲದ ಈ ಒಂದು ಬದಲಾವಣೆ ಎಷ್ಟೋ ದೊಡ್ಡ ಪ್ಲ್ಯಾನ್‌ಗಳಿಗಿಂತ ಮೇಲು.

ವೈ-ಫೈ ಉಪಕರಣಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. 2.4 ದೂರ ಹೋಗುತ್ತದೆ, ಗೋಡೆಯನ್ನೂ ಅಷ್ಟಿಷ್ಟು ದಾಟುತ್ತದೆ. ಆದರೆ ಅಲ್ಲಿ ಜನಜಂಗುಳಿ. ಬ್ಲೂಟೂತ್, ಮೈಕ್ರೊವೇವ್ ಒಲೆ, ಅಕ್ಕಪಕ್ಕದ ಮನೆಗಳ ವೈ-ಫೈ ಎಲ್ಲವೂ ಅದೇ ಹಾದಿಯಲ್ಲಿ. ಒಂದರ ಮೇಲೊಂದು ಬೀಳದ ಮಾರ್ಗಗಳು ಅಲ್ಲಿ ಮೂರೇ: 1, 6 ಮತ್ತು 11. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಮೋಡೆಮ್ ಇರುವ ಕೋಣೆಯಲ್ಲಿ 5, ಹಿತ್ತಲ ಕೋಣೆಯಲ್ಲಿ 2.4 ಎಂಬುದು ಸರಳ ಸೂತ್ರ.

ದೋಷ ಗಾಳಿಯಲ್ಲಿಯೋ, ಹೊರಗಿನ ತಂತಿಯಲ್ಲಿಯೋ ಎಂಬ ಸಂಶಯವನ್ನು ಬಗೆಹರಿಸಲು 'ಪಿಂಗ್' ಎಂಬ ಪುಟ್ಟ ಆದೇಶವಿದೆ. ಎಲ್ಲ ಕಂಪ್ಯೂಟರ್‌ಗಳಲ್ಲೂ ಇರುತ್ತದೆ. ಫೋನ್‌ಗೆ ಉಚಿತ ಆ್ಯಪ್‌ಗಳು ಸಿಗುತ್ತವೆ. ಬಾವಿಗೆ ಕಲ್ಲೆಸೆದು ಸದ್ದು ಕೇಳುವಂತೆ, ಒಂದು ಪುಟ್ಟ ಪೊಟ್ಟಣವನ್ನು ಕಳುಹಿಸಿ ಅದು ಮರಳುವ ಸಮಯವನ್ನು ಇದು ಹೇಳುತ್ತದೆ. ಮೊದಲು ಮನೆಯ ಮೋಡೆಮ್‌ಗೇ ಪಿಂಗ್ ಕಳುಹಿಸಬೇಕು. ಅದರ ವಿಳಾಸ ಸಾಮಾನ್ಯವಾಗಿ 192.168.1.1, ಉಪಕರಣದ ತಳಭಾಗದ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ಅಲ್ಲಿಯೇ 100, 200 ಎಂದು ಕುಣಿಯುತ್ತಿದ್ದರೆ, ಅಥವಾ ನಡುನಡುವೆ ಉತ್ತರವೇ ಬಾರದಿದ್ದರೆ ದೂರವಾಣಿ ಕಂಪನಿಯನ್ನು ದೂರಿ ಫಲವಿಲ್ಲ. ಕಾಯಿಲೆ ಮನೆಯೊಳಗೇ ಇದೆ. ಮೋಡೆಮ್ ಉತ್ತರ ಚೆನ್ನಾಗಿದ್ದರೆ ಮುಂದೆ 8.8.8.8 ಎಂಬ ಗೂಗಲ್ ವಿಳಾಸಕ್ಕೆ ನೂರು ಪೊಟ್ಟಣ ಕಳುಹಿಸಿ ನೋಡಬೇಕು. ಇಲ್ಲಿ ಏರುಪೇರು ಕಂಡರೆ ದೋಷ ಹೊಸ್ತಿಲಿನಿಂದ ಆಚೆ.

ಹಾದಿಯಲ್ಲಿ ಕಳೆದುಹೋಗುವ ಪೊಟ್ಟಣಗಳ ಸಂಖ್ಯೆಯನ್ನು ವಿಶೇಷವಾಗಿ ಗಮನಿಸಬೇಕು. ನೂರರಲ್ಲಿ ಎರಡು ಹೋದರೆ ಏನು ಮಹಾ ಎನ್ನಿಸಬಹುದು. ಆದರೆ ಅಂತರ್ಜಾಲದ ಸಾಗಣೆಯ ನಿಯಮವಾದ ಟಿಸಿಪಿ, ಪೊಟ್ಟಣವೊಂದು ಕಳೆದುಹೋದರೆ ದಾರಿಯಲ್ಲಿ ದಟ್ಟಣೆ ಇದೆಯೆಂದು ಭಾವಿಸಿ ತನ್ನ ವೇಗವನ್ನು ಒಮ್ಮೆಲೇ ತಗ್ಗಿಸಿಕೊಳ್ಳುತ್ತದೆ. ಅದರ ಸಾಂಪ್ರದಾಯಿಕ ವಿಧಾನದಲ್ಲಿ ಅರ್ಧಕ್ಕೇ ಇಳಿಸುತ್ತದೆ. ಮತ್ತೆ ನಿಧಾನಕ್ಕೆ ಏರುತ್ತದೆ. ಏರುವಷ್ಟರಲ್ಲಿ ಇನ್ನೊಂದು ಪೊಟ್ಟಣ ಕಳೆದಿರುತ್ತದೆ. ಹೀಗಾಗಿ ಶೇ 2ರಷ್ಟು ನಷ್ಟವಿರುವ 100 ಎಂಬಿಪಿಎಸ್ ಸಂಪರ್ಕ, ನಷ್ಟವೇ ಇಲ್ಲದ 10 ಎಂಬಿಪಿಎಸ್ ಸಂಪರ್ಕಕ್ಕಿಂತ ಕಡೆಯಾಗಬಲ್ಲದು. ವೇಗ ಅಳೆಯುವ ತಾಣಗಳು ಹತ್ತಿರದ ಸರ್ವರ್‌ಗೆ ಹಲವು ಎಳೆಗಳನ್ನು ಏಕಕಾಲಕ್ಕೆ ಜೋಡಿಸಿ ಅಳೆಯುವುದರಿಂದ ಈ ರೋಗ ಅಲ್ಲಿ ಮರೆಯಾಗುತ್ತದೆ. ಅಂಕಿ ಚೆನ್ನಾಗಿದೆ, ಪುಟ ಮಾತ್ರ ತೆರೆಯದು ಎಂಬ ಗೊಂದಲದ ಮೂಲಗಳಲ್ಲಿ ಇದೂ ಒಂದು.

ಮನೆಯೊಳಗಿನ ಇನ್ನೊಂದು ಗುಟ್ಟಿನ ಕಳ್ಳ, ಫೋನ್‌ಗಳು ತಾವಾಗಿಯೇ ಫೋಟೊ-ವಿಡಿಯೊಗಳನ್ನು ದೂರದ ಸಂಗ್ರಹಕ್ಕೆ ಕಳುಹಿಸುವ ವ್ಯವಸ್ಥೆ. ಮದುವೆಯ ಮರುದಿನ ಮನೆಯ ನೆಟ್ ಕುಂಟಿದರೆ ಇದನ್ನೇ ಮೊದಲು ಶಂಕಿಸಬೇಕು. ಹೊರಹೋಗುವ ಹಾದಿ ತುಂಬಿಕೊಂಡಾಗ ಒಳಬರುವ ಪುಟಕ್ಕೆ ಬೇಕಾದ 'ತಲುಪಿತು' ಎಂಬ ಸಣ್ಣ ಉತ್ತರಗಳೂ ಅದೇ ಸರದಿಯಲ್ಲಿ ಸಿಕ್ಕಿಕೊಳ್ಳುತ್ತವೆ.

ಬೆಳಕಿನ ಎಳೆ ಮತ್ತು ಕಾಲುವೆಯ ಕೊನೆಯಂಚು

ಹೊಸ್ತಿಲಿನಾಚೆಗೆ ಬಂದರೆ, ತಾಮ್ರದ ತಂತಿಯ ಕಾಲ ಬಹುಮಟ್ಟಿಗೆ ಮುಗಿದಿದೆ. ತಾಮ್ರದಲ್ಲಿ ವಿನಿಮಯ ಕೇಂದ್ರದಿಂದ ದೂರ ಹೆಚ್ಚಿದಂತೆ ಸಂಕೇತ ಸೊರಗುತ್ತಿತ್ತು. ನಾಲ್ಕೈದು ಕಿಲೋಮೀಟರ್ ದಾಟಿದರೆ ಬ್ರಾಡ್‌ಬ್ಯಾಂಡ್ ಕೊಡುವುದೇ ಕಷ್ಟವಾಗುತ್ತಿತ್ತು. ಮಳೆಗಾಲದಲ್ಲಿ ಬೆಸುಗೆಗಳಿಗೆ ನೀರಿಳಿದು ಕರಕರ ಸದ್ದು. ಈಗ ಮನೆಗೆ ಬರುವುದು ಕೂದಲೆಳೆಯಂತಹ ಗಾಜಿನ ನಾರು, ಅದರೊಳಗೆ ಬೆಳಕು.

ಗಾಜಿನ ನಾರಿನಲ್ಲಿ ಬೆಳಕಿನ ಶಕ್ತಿಯನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೋಡೆಮ್‌ನ ನಿರ್ವಹಣಾ ಪುಟದಲ್ಲಿ 'ಆರ್‌ಎಕ್ಸ್ ಪವರ್' ಎಂಬ ಸಾಲಿನಲ್ಲಿ ಈ ಅಂಕಿ ಸಿಗುತ್ತದೆ, ಋಣ ಚಿಹ್ನೆಯೊಂದಿಗೆ. ಮೈನಸ್ 15ರಿಂದ ಮೈನಸ್ 25ರ ನಡುವೆ ಇದ್ದರೆ ಆರೋಗ್ಯಕರ. ಮೈನಸ್ 27ರ ಆಚೆ ಹೋದರೆ ಸಾಮಾನ್ಯ ಉಪಕರಣಗಳಿಗೆ ಬೆಳಕು ಸಾಲದು. 3 ಅಂಕಿ ಕಡಿಮೆಯಾದರೆ ಬೆಳಕು ಅರ್ಧವಾಯಿತೆಂದೇ ಲೆಕ್ಕ. ನಾರನ್ನು ಮೊಳೆಗೆ ಬಿಗಿದು ಸುತ್ತಿದರೆ, ಬಾಗಿಲ ಸಂದಿಯಲ್ಲಿ ಒತ್ತಿದರೆ, ಜೋಡಣೆಯ ತುದಿಯಲ್ಲಿ ಧೂಳು ಕುಳಿತರೆ ಬೆಳಕು ಸೋರುತ್ತದೆ. ಸಂಪರ್ಕ ಚೆನ್ನಾಗಿರುವ ದಿನವೇ ಈ ಅಂಕಿಯನ್ನು ಬರೆದು ಮೋಡೆಮ್ ಪಕ್ಕದಲ್ಲಿ ಅಂಟಿಸಿಟ್ಟರೆ ಮುಂದೆ ಹೋಲಿಸಲು ಆಧಾರವಾಗುತ್ತದೆ. 'ಎಲ್‌ಒಎಸ್' ಎಂಬ ಕೆಂಪು ದೀಪ ಬೆಳಗಿದರೆ ಬೆಳಕು ಬರುತ್ತಲೇ ಇಲ್ಲ ಎಂದರ್ಥ. ನಾರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಒಳಗಿನ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಹಾನಿ ಮಾಡಬಲ್ಲದು.

ಬೆಳಗಿನಲ್ಲಿ ಸರಾಗ, ರಾತ್ರಿ 8ರಿಂದ 11ರವರೆಗೆ ಆಮೆಗತಿ ಎಂಬ ದೂರಿನ ಕಾರಣ ಬೇರೆ. ಒಂದು ಗಾಜಿನ ಎಳೆಯನ್ನು ಊರಿನಲ್ಲಿ ಸೀಳಿ 32 ಅಥವಾ 64 ಮನೆಗಳಿಗೆ ಹಂಚಲಾಗುತ್ತದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಆ ಎಳೆಯ ಒಟ್ಟು ಸಾಮರ್ಥ್ಯ ಸುಮಾರು 2.5 ಗಿಗಾಬಿಟ್. 32 ಮನೆಗಳೂ ಒಟ್ಟಿಗೆ ಪೂರ್ತಿ ಎಳೆದರೆ ತಲಾ ಸುಮಾರು 78 ಎಂಬಿಪಿಎಸ್. ಇದು ಕೆಟ್ಟ ಪಾಲೇನೂ ಅಲ್ಲ. ನಿಜವಾದ ಇಕ್ಕಟ್ಟು ಅದಕ್ಕೂ ಮೇಲೆ, ಊರಿನಿಂದ ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವ ಹಾದಿಯಲ್ಲಿ. ಹತ್ತಾರು ಹಳ್ಳಿಗಳ ಸಂಜೆಯ ಧಾರಾವಾಹಿ, ಕ್ರಿಕೆಟ್ ಎಲ್ಲವೂ ಅದೊಂದೇ ಕೊಳವೆಯಲ್ಲಿ ಬರಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಲಾಶಯದಲ್ಲಿ ನೀರಿದ್ದರೂ, ಗಂಗಾವತಿ ಭಾಗದ ಗದ್ದೆಗಳು ತುಂಬಿದರೂ ಮಾನ್ವಿ, ರಾಯಚೂರು ಕಡೆಯ ಕೊನೆಯಂಚಿನ ರೈತರಿಗೆ ನೀರು ಮುಟ್ಟುವುದಿಲ್ಲ ಎಂಬ ಕೂಗು ಹಂಗಾಮಿಗೊಮ್ಮೆ ಏಳುತ್ತದೆ. ಅಲ್ಲಿ ರೈತ ತನ್ನ ಹೊಲದ ತೂಬನ್ನು ಎಷ್ಟು ಅಗಲ ಮಾಡಿದರೂ ನೀರು ಹೆಚ್ಚುವುದಿಲ್ಲ. ಸಂಜೆಯ ದಟ್ಟಣೆಗೆ ದೊಡ್ಡ ಪ್ಲ್ಯಾನ್ ಹಾಕಿಸುವುದು ತೂಬು ಅಗಲಿಸಿದಂತೆಯೇ. ಮೇಲಿನ ಕಾಲುವೆ ಅಗಲವಾಗಬೇಕು. ಅದು ಕಂಪನಿಯ ಕೆಲಸ. ಆದ್ದರಿಂದ ಬೆಳಿಗ್ಗೆ 6ಕ್ಕೂ ರಾತ್ರಿ 9ಕ್ಕೂ ಒಂದು ವಾರ ಪಿಂಗ್ ಮತ್ತು ವೇಗ ಎರಡನ್ನೂ ಬರೆದಿಟ್ಟುಕೊಳ್ಳುವುದು ಅಗತ್ಯ. ತಿಂಗಳ ಕೊನೆಯಲ್ಲಿ ಮಾತ್ರ ಇಡೀ ದಿನ ನಿಧಾನವಾದರೆ ಅದು ದಟ್ಟಣೆಯಲ್ಲ. ಯೋಜನೆಯ ಮಾಹಿತಿ ಮಿತಿ ಮುಗಿದು ವೇಗವನ್ನು ತಗ್ಗಿಸಿರುವ ಸಾಧ್ಯತೆಯೇ ಹೆಚ್ಚು. ಬಳಕೆಯ ಲೆಕ್ಕ ಕಂಪನಿಯ ಆ್ಯಪ್‌ನಲ್ಲಿ ಸಿಗುತ್ತದೆ.

ಹಳ್ಳಿಗಳ ಮಟ್ಟಿಗೆ ಈ ಮೇಲಿನ ಕಾಲುವೆಯ ಕಥೆ ದೀರ್ಘವಾದುದು. ಎಲ್ಲ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ನಾರು ಎಳೆದು ಕನಿಷ್ಠ 100 ಎಂಬಿಪಿಎಸ್ ಸಾಮರ್ಥ್ಯ ಒದಗಿಸುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಮುಂದೆ ಅದಕ್ಕೆ 'ಭಾರತ್‌ನೆಟ್' ಎಂಬ ಹೆಸರಾಯಿತು. ಆರಂಭದಲ್ಲಿ ನಾರನ್ನು ಒಂದರ ಮುಂದೊಂದು ಊರಿಗೆ ಸರಪಳಿಯಂತೆ ಎಳೆದದ್ದು ದೊಡ್ಡ ಕೊರತೆಯಾಯಿತು. ರಸ್ತೆ ಅಗಲೀಕರಣಕ್ಕೋ ನಲ್ಲಿ ನೀರಿನ ಕೊಳವೆಗೋ ಜೆಸಿಬಿ ಒಂದು ಕಡೆ ನೆಲ ಅಗೆದು ನಾರು ಕತ್ತರಿಸಿದರೆ ಅದರ ಮುಂದಿನ ಊರುಗಳೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಕಾರ್ಯಕ್ರಮ ಈ ಸರಪಳಿಯನ್ನು ಉಂಗುರವಾಗಿ ಬದಲಿಸುವ ಉದ್ದೇಶ ಹೊಂದಿದೆ. ಉಂಗುರ ಒಂದು ಕಡೆ ತುಂಡಾದರೂ ಇನ್ನೊಂದು ದಿಕ್ಕಿನಿಂದ ಸಂಚಾರ ನಡೆಯುತ್ತದೆ. ಅಗೆಯುವ ಮುನ್ನ ನೆಲದಡಿಯ ಕೇಬಲ್ ಮಾಲೀಕರಿಗೆ ತಿಳಿಸುವುದಕ್ಕೆಂದೇ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಂದಿದೆ. ಗ್ರಾಮ ಪಂಚಾಯಿತಿ ಸದಸ್ಯರು ಗುತ್ತಿಗೆದಾರರಿಗೆ ಇದನ್ನು ನೆನಪಿಸಿದರೂ ಅದು ಊರಿಗೆ ಮಾಡಿದ ಉಪಕಾರವೇ.

ಎರಡು ವಿಚಿತ್ರ ಲಕ್ಷಣಗಳು

ಕೆಲವೊಮ್ಮೆ ಪುಟ ಹತ್ತು ಸೆಕೆಂಡ್ ಏನೂ ಮಾಡದೆ ನಿಂತು, ಆಮೇಲೆ ಒಮ್ಮೆಲೇ ಪೂರ್ತಿ ತೆರೆದುಕೊಳ್ಳುತ್ತದೆ. ಇದು ವಿಳಾಸದ ತೊಂದರೆ. ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಎಂಬ 'ದೂರವಾಣಿ ಕೈಪಿಡಿ'ಯ ಸರ್ವರ್ ಮಂದವಾಗಿದೆ ಎಂದರ್ಥ. ಮೋಡೆಮ್‌ನ ಪುಟದಲ್ಲಿ ಕಂಪನಿಯ ಡಿಎನ್‌ಎಸ್ ಬದಲು 2009ರಿಂದ ಗೂಗಲ್ ನೀಡುತ್ತಿರುವ 8.8.8.8 ಅಥವಾ 2018ರಲ್ಲಿ ಕ್ಲೌಡ್‌ಫ್ಲೇರ್ ಆರಂಭಿಸಿದ 1.1.1.1 ಬರೆದು ನೋಡಬಹುದು. ಯಾವ ಯಾವ ತಾಣಗಳನ್ನು ನೋಡುತ್ತೇವೆ ಎಂಬ ಪಟ್ಟಿ ಆಗ ಆ ಸಂಸ್ಥೆಗಳ ಕೈಗೆ ಹೋಗುತ್ತದೆ ಎಂಬುದೂ ತಿಳಿದಿರಲಿ.

ಇನ್ನೊಂದು ಲಕ್ಷಣ: ಕೆಲವು ತಾಣಗಳು ಚೆನ್ನಾಗಿ ತೆರೆಯುತ್ತವೆ, ಕೆಲವು, ಅದರಲ್ಲಿಯೂ ಬ್ಯಾಂಕ್‌ನಂತಹ ಭದ್ರತೆಯ ತಾಣಗಳು, ಅರ್ಧಕ್ಕೆ ನಿಲ್ಲುತ್ತವೆ. ಇಲ್ಲಿ ಪೊಟ್ಟಣದ ಗಾತ್ರವನ್ನು ಶಂಕಿಸಬೇಕು. ಜಾಲದಲ್ಲಿ ಒಂದು ಪೊಟ್ಟಣದ ರೂಢಿಯ ಗರಿಷ್ಠ ಗಾತ್ರ 1500 ಬೈಟ್. ಬಳಕೆದಾರರ ಹೆಸರು, ಗುಪ್ತಪದ ಕೊಟ್ಟು ಜೋಡಿಸುವ ಪಿಪಿಪಿಒಇ ವಿಧಾನದಲ್ಲಿ 8 ಬೈಟ್ ಅದಕ್ಕೇ ಮೀಸಲು; ಉಳಿಯುವುದು 1492. ಮೋಡೆಮ್‌ನಲ್ಲಿ 'ಎಂಟಿಯು' ಎಂಬಲ್ಲಿ 1500 ಎಂದೇ ಉಳಿದಿದ್ದರೆ ದೊಡ್ಡ ಪೊಟ್ಟಣಗಳು ಬಾಗಿಲಲ್ಲಿ ಸಿಕ್ಕಿಕೊಳ್ಳಬಹುದು. ಅದನ್ನು 1492 ಎಂದು ತಿದ್ದಿದರೆ ತಿಂಗಳುಗಟ್ಟಲೆಯ ಕಾಟ ಒಂದು ನಿಮಿಷದಲ್ಲಿ ಮುಗಿಯುವುದುಂಟು. ಹೊಸ ಮೋಡೆಮ್ ಹಾಕಿದ ಮರುದಿನ ಈ ತೊಂದರೆ ಶುರುವಾಗಿದ್ದರಂತೂ ಮೊದಲು ನೋಡಬೇಕಾದದ್ದು ಇದನ್ನೇ.

ವಿದೇಶಿ ತಾಣಗಳು ಮಾತ್ರ ನಿಧಾನವಾದರೆ ಮನೆಯಲ್ಲಿಯೂ ಊರಿನಲ್ಲಿಯೂ ಹುಡುಕಬೇಕಿಲ್ಲ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಸಾವಿರ ಕಿಲೋಮೀಟರ್ ಹೋಗಿಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ಅಮೆರಿಕದ ಸರ್ವರ್‌ಗೆ 200 ಮಿಲಿಸೆಕೆಂಡ್ ದಾಟುವುದು ಸಹಜ. 2008ರ ಜನವರಿ 30ರಂದು ಈಜಿಪ್ಟ್‌ನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾದಾಗ ಭಾರತದ ಅಂತರ್ಜಾಲ ದಿನಗಟ್ಟಲೆ ತೆವಳಿತು. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿಯೂ ಹಾಗೆಯೇ ಆಯಿತು. ಅಂತಹ ದಿನಗಳಲ್ಲಿ ಕಾಯುವುದೊಂದೇ ದಾರಿ.

ದೂರು ಕೊಡುವುದು ಹೇಗೆ?

"ನೆಟ್ ಸ್ಲೋ ಐತಿ" ಎಂಬ ದೂರಿಗೆ "ಮೋಡೆಮ್ ಆರಿಸಿ ಹೊತ್ತಿಸಿ" ಎಂಬ ಉತ್ತರವೇ ಬರುತ್ತದೆ. ಅದೇ ದೂರನ್ನು ಅಂಕಿಗಳೊಂದಿಗೆ ಹೇಳಿದರೆ ತೂಕ ಬೇರೆ. ಮೋಡೆಮ್‌ಗೆ ನೇರವಾಗಿ ಲ್ಯಾನ್ ಕೇಬಲ್ ಜೋಡಿಸಿ ಪರೀಕ್ಷಿಸಿದ್ದು, ಮನೆಯೊಳಗಿನ ಪಿಂಗ್ ಇಷ್ಟು, ಹೊರಗಿನದು ಬೆಳಿಗ್ಗೆ ಇಷ್ಟು ರಾತ್ರಿ ಇಷ್ಟು, ನೂರರಲ್ಲಿ ಇಷ್ಟು ಪೊಟ್ಟಣ ನಷ್ಟ, ಬೆಳಕಿನ ಶಕ್ತಿ ಮೊದಲು ಮೈನಸ್ 21 ಇದ್ದದ್ದು ಈಗ ಮೈನಸ್ 28. ಇಷ್ಟನ್ನು ಬರೆದುಕೊಟ್ಟರೆ ಲೈನ್‌ಮನ್ ಕೂಡ ಎಲ್ಲಿಂದ ಹುಡುಕಬೇಕೆಂಬುದನ್ನು ತಿಳಿದೇ ಬರುತ್ತಾನೆ. ವೈ-ಫೈ ಮೂಲಕ ಅಳೆದ ಅಂಕಿಯನ್ನು ಕಂಪನಿಗಳು ಒಪ್ಪುವುದಿಲ್ಲ. ಅದರಲ್ಲಿ ಅವರ ತಪ್ಪೂ ಇಲ್ಲ. ಲ್ಯಾಪ್‌ಟಾಪ್ ಇಲ್ಲದ ಮನೆಯವರು ನೆರೆಯವರದನ್ನು ಒಂದು ಗಂಟೆ ತಂದುಕೊಳ್ಳಬಹುದು.

ದೂರು ದಾಖಲಿಸಿದಾಗ ಸಿಗುವ ಡಾಕೆಟ್ ಸಂಖ್ಯೆಯನ್ನು ಕೇಳಿ ಪಡೆಯಲೇಬೇಕು. ಆ ಸಂಖ್ಯೆ ಇಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯದು. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಇರಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ನಿಗದಿಪಡಿಸಿದೆ ಎಂಬುದನ್ನೂ ಗ್ರಾಹಕರು ನೆನಪಿನಲ್ಲಿಡಬಹುದು. ನಿಗದಿತ ಅವಧಿಯಲ್ಲಿ ದೋಷ ಸರಿಹೋಗದಿದ್ದರೆ, ಅಥವಾ ಸರಿಪಡಿಸದೆಯೇ ದೂರನ್ನು 'ಮುಕ್ತಾಯ' ಎಂದು ತೋರಿಸಿದ್ದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಾವಳಿಯಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಮನವಿ ಸಲ್ಲಿಸಬಹುದು. ಡಾಕೆಟ್ ಸಂಖ್ಯೆಯೊಂದಿಗೆ ವಾರದ ಅಂಕಿಗಳ ಹಾಳೆಯನ್ನೂ ಲಗತ್ತಿಸುವುದು ಒಳಿತು. ಮನವಿಯನ್ನು 39 ದಿನಗಳೊಳಗೆ ಇತ್ಯರ್ಥಪಡಿಸಬೇಕು, ಇದಕ್ಕೆ ಶುಲ್ಕವಿಲ್ಲ.